ಮನೆಗೊಂದು ಸಂಗೀತದ ಉಗ್ರಾಣ

ಅಕ್ಕಿ ಬೇಳೆಗಳಿಗೆ ಪ್ರತಿಯೊಂದು ಮನೆಯಲ್ಲಿಯೂ ಒಂದು ಎಡೆಯಿರುವಂತೆ ಹಾಡುಗಳಿಗೂ ಒಂದು ಎಡೆಯಿರುತ್ತದೆ. ನಮ್ಮ ಅಜ್ಜಿಯರ ಕಾಲದಲ್ಲಿ ಅದು ಹೆಂಗಸರ ಕಂಠದಲ್ಲಿದ್ದಿತು. ಬಳಿಕ ಗ್ರಾಮೊಫೋನಿನ ತಟ್ಟೆಗೆ ಬಂದಿತು. 1902ರಲ್ಲಿ ಗೌಹರ್ ಜಾನ್ ಕಲ್ಕತ್ತೆಯಲ್ಲಿ ಹಾಡಿ ಕೊಟ್ಟಾಗ ತಟ್ಟೆಯ ಒಂದು ಮಗ್ಗುಲಿಗೆ ಸುಮಾರು 3 ನಿಮಿಷದ ಹಾಡು ಮಾತ್ರ ಹಿಡಿಯುತ್ತಿದ್ದಿತು. 1935ರಲ್ಲಿ ಎಂ. ವಿ. ಗೋಪಾಲಸ್ವಾಮಿಯವರು ಮೈಸೂರಿನ ತಮ್ಮ ಮನೆಯಿಂದಲೇ ಬಾನುಲಿಯನ್ನು ಬಿತ್ತರಿಸತೊಡಗಿದಾಗ ಕೇಳುವವರು ಹಾಡಿನ ವೇಳೆಯನ್ನು ಕಾದು ಕುಳಿತಿರಬೇಕಾಗಿದ್ದಿತು. ಆಮೇಲೆ ಕ್ಯಾಸೆಟ್ಟು, ಸಿ.ಡಿ.ಗಳು ಬಂದುವು. ಈಗ ಹಾಡು ಕಣ್ಣಿಗೆ ಕಾಣದ ಅಂಕಿಗಳ ರೂಪವನ್ನು ತಾಳಿ ಡಿಸ್ಕಿನಲ್ಲಿ ಹೋಗಿ ಕುಳಿತಿದೆ. ಎಡೆ ಬದಲಾದಾಗಲೆಲ್ಲ ಅನುಕೂಲವು ಹೆಚ್ಚಿತೆಂಬುದು ನಿಜ. ಆದರೆ ಮನೆ ಬದಲಾಯಿಸುವಾಗ ಆಗುವಂತೆ ಏನಾದರೊಂದು ಕಳೆದುಹೋಗುವುದೂ ನಿಜ.

ಈ ಲೇಖನಕ್ಕೆ ಪ್ರೇರಣೆಯಾದುದು ನಮ್ಮ ಮನೆಯಲ್ಲಿಯೇ ನಡೆದ ಒಂದು ಸಂಗತಿ. ನಮ್ಮ ತಾಯಿಯವರು ಹಾಡಿದ ಆರತಿಯ ಹಾಡು, ಹಸೆಗೆ ಕರೆಯುವ ಹಾಡುಗಳನ್ನು ನಮ್ಮ ಸೋದರಮಾವನವರು ಒಂದು ಮದುವೆಯ ಸಂದರ್ಭದಲ್ಲಿ ಮೂರು ಕ್ಯಾಸೆಟ್ಟುಗಳಲ್ಲಿ ಹಿಡಿದಿಟ್ಟಿದ್ದರು. ತಾಯಿಯವರು ತೀರಿಕೊಂಡ ಮೇಲೆ ನಾವು ಅವನ್ನು ಒಂದು ಡಿಸ್ಕಿಗೆ ಇಳಿಸಿಕೊಂಡು, ಇನ್ನೇಕೆಂದು ಕ್ಯಾಸೆಟ್ಟುಗಳನ್ನು ಹಳೆಯ ಸಾಮಾನಿನವನಿಗೆ ಕೊಟ್ಟುಬಿಟ್ಟೆವು. ಮಳೆಗಾಲದ ಒಂದು ಸಂಜೆ ಕರೆಂಟು ಮೂರು ನಾಲ್ಕು ಬಾರಿ ಹೋಗಿ ಬಂದಿತು. ಡಿಸ್ಕು ಮತ್ತೆ ಮಾತನಾಡಲಿಲ್ಲ. ರಿಪೇರಿಯವರು ಕೈಚೆಲ್ಲಿದರು. ಧಾರವಾಡದಲ್ಲಿರುವ ನಮ್ಮ ತಂಗಿ ತನ್ನ ಮಗಳ ತೊಟ್ಟಿಲಿನ ದಿನಕ್ಕೆಂದು ಎರಡು ಕ್ಯಾಸೆಟ್ಟುಗಳಷ್ಟು ಹಾಡುಗಳನ್ನು ತರಿಸಿಕೊಂಡಿದ್ದಳಾದ್ದರಿಂದ ಅಷ್ಟು ಉಳಿದುವು. ಹಸೆಯ ಹಾಡಿದ್ದ ಮೂರನೆಯದು ಹೋಯಿತು. ಆದಕಾರಣ ಹೊಸ ಯಂತ್ರವನ್ನು ಕೊಳ್ಳಲು ಹೊರಟಾಗ ನಮ್ಮ ಮೊದಲ ಪ್ರಶ್ನೆಯು ಧ್ವನಿಯ ಮಾಧುರ್ಯವನ್ನು ಕುರಿತದ್ದಾಗಿರಲಿಲ್ಲ. ಹಾಡು ಉಳಿಯುವುದು ಹೇಗೆಂಬುದಾಗಿದ್ದಿತು. ನಾವು ತಿಳಿದುಕೊಂಡುದನ್ನು ವಾಚಕರ ಮುಂದಿಡುವೆವು.

ಹೊಸಬರಿಗಾಗಿ ಹೆಸರುಗಳನ್ನು ಮೊದಲು ಬಿಡಿಸಿ ಹೇಳಬೇಕು. ಸಂಗೀತದ ಸರ್ವರ್ ಎಂಬುದು ಉಗ್ರಾಣ. ಹಾಡಿನ ಫೈಲುಗಳನ್ನು ಡಿಸ್ಕಿನಲ್ಲಿಟ್ಟುಕೊಂಡು, ಯಾವುದು ಎಲ್ಲಿದೆಯೆಂಬ ಪಟ್ಟಿಯನ್ನು ಸಿದ್ಧವಾಗಿರಿಸಿ, ಕೇಳಿದಾಗ ತೆಗೆದುಕೊಡುವುದು ಅದರ ಕೆಲಸ. ಸ್ಟ್ರೀಮರ್ ಎಂಬುದು ಬಡಿಸುವವನು. ಉಗ್ರಾಣದಿಂದಾಗಲಿ ಇಂಟರ್‌ನೆಟ್ಟಿನಿಂದಾಗಲಿ ಬಂದ ಅಂಕಿಗಳನ್ನು ಸ್ವೀಕರಿಸಿ ಆಂಪ್ಲಿಫೈಯರಿನ ಕಡೆಗೆ ಸಾಗಿಸುವುದು ಅದರ ಕೆಲಸ. ಅಂಕಿಗಳನ್ನು ಮತ್ತೆ ನಾದದ ಅಲೆಯನ್ನಾಗಿ ಮಾಡುವ ಭಾಗಕ್ಕೆ ಡ್ಯಾಕ್ ಎನ್ನುವರು. ಇದು ಅನೇಕ ಸ್ಟ್ರೀಮರುಗಳ ಒಳಗೇ ಇರುತ್ತದೆ, ಕೆಲವಕ್ಕೆ ಬೇರೆಯಾಗಿ ಕೊಳ್ಳಬೇಕಾಗುತ್ತದೆ. ಉಗ್ರಾಣವೂ ಬಡಿಸುವವನೂ ಒಂದೇ ಪೆಟ್ಟಿಗೆಯಲ್ಲಿ ಸಿಕ್ಕುವುದುಂಟು. ಆದರೂ ಎರಡೂ ಬೇರೆಯಾಗಿದ್ದರೆ ಲೇಸು. ಒಂದು ಕೆಟ್ಟರೆ ಇನ್ನೊಂದು ಉಳಿಯುತ್ತದೆ. ಡಿಸ್ಕು ತಿರುಗುವ ಸದ್ದೂ ಹಾಡು ಕೇಳುವ ಕೋಣೆಗೆ ಬಾರದು.

ತಿಂಗಳಿಗಿಷ್ಟೆಂದು ಹಣ ತೆತ್ತರೆ ಕೋಟಿಗಟ್ಟಲೆ ಹಾಡುಗಳು ಇಂಟರ್‌ನೆಟ್ಟಿನಲ್ಲಿ ದೊರೆಯುತ್ತಿರುವಾಗ ಸ್ವಂತ ಉಗ್ರಾಣವೇಕೆಂದು ಕೆಲವರು ಕೇಳಬಹುದು. ಆ ಸೇವೆಗಳನ್ನು ನಾವು ಹಳಿಯುವವರಲ್ಲ. ಕೇಳಿರದ ಗಾಯಕರ ಪರಿಚಯ ಮಾಡಿಕೊಳ್ಳಲು ಅವಕ್ಕಿಂತ ಸುಲಭವಾದ ದಾರಿಯಿಲ್ಲ. ಆದರೆ ಬಾಡಿಗೆಯ ಹಾಡು ಬಾಡಿಗೆಯ ಮನೆಯಂತೆ; ಮಾಲೀಕನ ಮನಸ್ಸು ಬದಲಾದರೆ ನಾವು ಗಂಟುಮೂಟೆ ಕಟ್ಟಬೇಕು. ಗೂಗಲ್ ಪ್ಲೇ ಮ್ಯೂಸಿಕ್ 2020ರಲ್ಲಿ ನಿಂತಿತು. ನಮ್ಮ ದೇಶದ್ದೇ ಆದ ವಿಂಕ್ ಮ್ಯೂಸಿಕ್ 2024ರಲ್ಲಿ ಬಾಗಿಲು ಹಾಕಿತು. ಅಲ್ಲದೆ ತಾಯಿಯ ಆರತಿಯ ಹಾಡು, ಊರ ಗುಡಿಯ ಭಜನೆ, ಮಗಳು ಮೊದಲ ಬಾರಿಗೆ ಹಾಡಿದ ಗೀತೆ, ಇವು ಯಾವ ಸೇವೆಯಲ್ಲಿಯೂ ದೊರೆಯವು. ಆದಕಾರಣ ಪೇಟೆಯಲ್ಲಿ ಸಿಕ್ಕುವುದನ್ನು ಬಾಡಿಗೆಗೆ ಕೇಳಿದರೂ, ಮತ್ತೆ ಸಿಕ್ಕದುದನ್ನು ಸ್ವಂತವಾಗಿ ಕಾಪಾಡುವುದು ಗೃಹಸ್ಥರ ನೀತಿಯಾಗಿರತಕ್ಕದ್ದು.

ಅಂಗಡಿಗೆ ಹೋಗುವ ಮುನ್ನ ಮನೆಯಲ್ಲಿರುವುದನ್ನು ಎಣಿಸಿ ಪಟ್ಟಿ ಮಾಡಿರಿ. ಎಷ್ಟು ದೊಡ್ಡ ಡಿಸ್ಕು ಬೇಕೆಂಬುದು ಅದರಿಂದಲೇ ಗೊತ್ತಾಗುವುದು. ಸಿ.ಡಿ.ಯಲ್ಲಿ ನಾದವನ್ನು ಸೆಕೆಂಡಿಗೆ 44,100 ಬಾರಿ ಅಳೆದು ಪ್ರತಿಯೊಂದು ಅಳತೆಯನ್ನೂ 16 ಬಿಟ್ಟುಗಳಲ್ಲಿ ಬರೆದಿರುತ್ತಾರೆ. ಮನುಷ್ಯನ ಕಿವಿ ಸೆಕೆಂಡಿಗೆ ಸುಮಾರು 20,000 ಕಂಪನಗಳವರೆಗೆ ಮಾತ್ರ ಗ್ರಹಿಸಬಲ್ಲುದು. ಅದರ ಇಮ್ಮಡಿಗಿಂತ ಹೆಚ್ಚು ಬಾರಿ ಅಳೆದರೆ ಆ ಮಿತಿಯೊಳಗಿನ ನಾದವೆಲ್ಲ ಸಿಕ್ಕುವುದೆಂಬುದು ಗಣಿತದ ಸಿದ್ಧಾಂತ. ಹೀಗೆ ಬರೆದ ಒಂದು ಗಂಟೆಯ ಸಂಗೀತಕ್ಕೆ ಸುಮಾರು 635 ಮೆಗಾಬೈಟುಗಳಷ್ಟು ಜಾಗ ಬೇಕು. 2001ರಲ್ಲಿ ಬಂದ ಫ್ಲ್ಯಾಕ್ ಎಂಬ ವಿಧಾನವು ಇದನ್ನು ಹೆಚ್ಚುಕಡಮೆ ಅರ್ಧಕ್ಕೆ ಇಳಿಸುತ್ತದೆ. ಅದು ಸೀರೆಯನ್ನು ಮಡಿಸಿಟ್ಟಂತೆ. ಬಿಡಿಸಿದಾಗ ಒಂದೆಳೆಯೂ ಕಡಮೆಯಾಗಿರುವುದಿಲ್ಲ. ಎಂ.ಪಿ.3 ವಿಧಾನವಾದರೋ ಪೆಟ್ಟಿಗೆಗೆ ಹೊಂದಲೆಂದು ಸೀರೆಯನ್ನೇ ಕತ್ತರಿಸಿದಂತೆ. ದಾರಿಯಲ್ಲಿ ಕೇಳುವುದಕ್ಕೆ ಅದು ಸಾಕು, ಉಗ್ರಾಣದಲ್ಲಿಡುವುದಕ್ಕೆ ತಕ್ಕುದಲ್ಲ. ಗಂಟೆಗೆ 350 ಮೆಗಾಬೈಟಿನಂತೆ ಲೆಕ್ಕ ಹಾಕಿದರೆ 500 ಸಿ.ಡಿ.ಗಳು ಸುಮಾರು 175 ಗಿಗಾಬೈಟುಗಳಲ್ಲಿ ಅಡಗುತ್ತವೆ. ಆದುದರಿಂದ 1 ಟೆರಾಬೈಟಿನ ಡಿಸ್ಕು ಬಹುಮಟ್ಟಿನ ಸಂಸಾರಗಳಿಗೆ ಧಾರಾಳವಾಗಿ ಸಾಕು. 24 ಬಿಟ್, 192,000 ಅಳತೆಗಳ ಫೈಲುಗಳನ್ನು ಅಂಗಡಿಯವರು ಬಹುವಾಗಿ ಹೊಗಳುವರು. ಅವು ಆರೂವರೆ ಪಟ್ಟು ಜಾಗವನ್ನು ತಿನ್ನುತ್ತವೆ. ಹಳೆಯ ತಟ್ಟೆಯಲ್ಲಿ ಮೊದಲೇ ಇಲ್ಲದ ನಾದವನ್ನು ಅವು ತಂದುಕೊಡಲಾರವು.

ಕ್ಯಾಸೆಟ್ಟನ್ನು ಇಳಿಸುವುದು ತಾಳ್ಮೆಯ ಕೆಲಸ. 60 ನಿಮಿಷದ ಕ್ಯಾಸೆಟ್ಟಿಗೆ 60 ನಿಮಿಷವೇ ಬೇಕು. ಹೆಡ್ಡನ್ನು ಶುಚಿ ಮಾಡಿದ ಒಳ್ಳೆಯ ಪ್ಲೇಯರಿನಲ್ಲಿ ಹಾಕಿ, ಬಂದುದನ್ನು ತಿದ್ದದೆ ಮೊದಲು ಹಾಗೆಯೇ ಹಿಡಿದಿಟ್ಟು, ಸದ್ದು ತೆಗೆಯುವುದನ್ನು ಪ್ರತಿಯ ಮೇಲೆ ಮಾಡಬೇಕು. ಮೂಲ ಕ್ಯಾಸೆಟ್ಟನ್ನು ಮಾತ್ರ ಯಾವ ಕಾರಣಕ್ಕೂ ಎಸೆಯಕೂಡದು.

ಇನ್ನು ಸ್ಟ್ರೀಮರಿನ ಆಯ್ಕೆ. ಮುಖ್ಯವಾದ ಪರೀಕ್ಷೆ ಒಂದುಂಟು. ರಾಗ, ತಾನ, ಪಲ್ಲವಿಯನ್ನು ಸಿ.ಡಿ.ಗಳಲ್ಲಿ ಅನೇಕ ವೇಳೆ ಬೇರೆ ಬೇರೆ ಭಾಗಗಳಾಗಿ ಒಡೆದಿರುತ್ತಾರೆ. ಕೆಲವು ಯಂತ್ರಗಳು ಒಂದು ಭಾಗ ಮುಗಿದ ಮೇಲೆ ಕ್ಷಣಕಾಲ ಮೌನವಾಗಿದ್ದು ಮುಂದಿನದಕ್ಕೆ ಹೋಗುತ್ತವೆ. ಚಲನಚಿತ್ರ ಗೀತೆಗಳಿಗೆ ಇದರಿಂದ ಹಾನಿಯಿಲ್ಲ. ಕಚೇರಿಯಲ್ಲಾದರೋ ತಂಬೂರಿಯ ಶ್ರುತಿಯೇ ನಡುವೆ ಕಡಿದುಬೀಳುವುದು. ಅಂತಹ ಒಂದು ಸಂಗೀತವನ್ನು ಜೊತೆಯಲ್ಲಿಯೇ ಒಯ್ದು ಅಂಗಡಿಯಲ್ಲಿ ಹಾಕಿಸಿ ಕೇಳಿರಿ. ಬ್ಲೂಟೂತ್ ಒಂದನ್ನೇ ನೆಚ್ಚಬೇಡಿರಿ. ಅದು ಸಾಮಾನ್ಯವಾಗಿ ನಾದವನ್ನು ಇನ್ನೊಮ್ಮೆ ಕುಗ್ಗಿಸುತ್ತದೆ, ಫೋನು ಹೊರಗೆ ಹೋದರೆ ಹಾಡೂ ಅದರೊಡನೆ ಹೋಗುತ್ತದೆ. ಮನೆಯ ಹಿರಿಯರು ಒಂದು ಗುಂಡಿಯನ್ನು ಒತ್ತಿದರೆ ಬೆಳಗಿನ ಸುಪ್ರಭಾತ ಬರುವಂತಿರಬೇಕು. ಮಗ ಆಫೀಸಿನಿಂದ ಬರುವವರೆಗೆ ಹಾಡಿಲ್ಲದೆ ಕೂರಬೇಕಾದರೆ ಅಂತಹ ಯಂತ್ರದಿಂದ ಪ್ರಯೋಜನವೇನು?

ಪಟ್ಟಿಯ ವಿಷಯದಲ್ಲಿ ನಮ್ಮ ಸಂಗೀತಕ್ಕೆ ವಿಶೇಷವಾದ ತೊಡಕುಂಟು. ಈ ಯಂತ್ರಗಳು ಸಾಮಾನ್ಯವಾಗಿ ಗಾಯಕ, ಆಲ್ಬಮ್ ಎಂಬ ವಿಭಾಗಗಳನ್ನೇ ಮುಖ್ಯವಾಗಿ ಎಣಿಸುತ್ತವೆ. ನಮ್ಮಲ್ಲಿ ಕೇಳುವ ರೀತಿಯೇ ಬೇರೆ: ಕಲ್ಯಾಣಿ ಹಾಕು, ಪುರಂದರದಾಸರ ಪದ ಹಾಕು, ಚೌಡಯ್ಯನವರ ಪಿಟೀಲು ಪಕ್ಕವಾದ್ಯವಾಗಿರುವುದನ್ನು ಹಾಕು ಎಂದು ಕೇಳುತ್ತೇವೆ. ಫ್ಲ್ಯಾಕ್ ಫೈಲಿನ ಚೀಟಿಯಲ್ಲಿ ರಾಗ, ತಾಳ, ವಾಗ್ಗೇಯಕಾರ, ಪಕ್ಕವಾದ್ಯ ಎಂಬ ಹೊಸ ಅಂಕಣಗಳನ್ನು ನಾವೇ ಬರೆದುಕೊಳ್ಳಬಹುದು. ಅವನ್ನು ಓದಿ ಹುಡುಕಿಕೊಡುವ ಸರ್ವರನ್ನೇ ಆರಿಸಬೇಕು. ಮಲ್ಲಿಕಾರ್ಜುನ ಮನ್ಸೂರರ ಗಾಯನವನ್ನೂ ದೊರೆಸ್ವಾಮಿ ಅಯ್ಯಂಗಾರ್ಯರ ವೀಣೆಯನ್ನೂ ಕೇಳುವ ಮನೆಯಲ್ಲಿ ಪದ್ಧತಿಯ ಹೆಸರನ್ನೂ ಬರೆದಿಡಬೇಕು. ಏಕೆಂದರೆ ಕರ್ನಾಟಕ ಪದ್ಧತಿಯ ತೋಡಿಯೇ ಬೇರೆ, ಹಿಂದುಸ್ತಾನಿಯ ತೋಡಿಯೇ ಬೇರೆ. ಹಿಂದುಸ್ತಾನಿಯ ತೋಡಿಯ ಸ್ವರಗಳು ನಮ್ಮ ಶುಭಪಂತುವರಾಳಿಯವು. ಹೆಸರುಗಳನ್ನು ಕನ್ನಡದಲ್ಲಿಯೇ ಬರೆಯುವವರು ಯಂತ್ರದ ಪರದೆಯ ಮೇಲೆ ಕನ್ನಡ ಅಕ್ಷರಗಳು ಸರಿಯಾಗಿ ಮೂಡುವುವೇ ಎಂದು ಕೊಳ್ಳುವ ಮೊದಲೇ ನೋಡಿಕೊಳ್ಳಲಿ.

ಅಂಗಡಿಯಲ್ಲಿ ಕೇಳಲೇಬೇಕಾದ ಪ್ರಶ್ನೆ ಇದು: ಇದನ್ನು ಮಾಡಿದ ಕಂಪನಿ ಮುಚ್ಚಿದರೆ ನಮ್ಮ ಡಿಸ್ಕಿನಲ್ಲಿರುವ ಹಾಡುಗಳನ್ನು ಇದು ಹಾಡುತ್ತದೆಯೇ? ಸ್ಕ್ವೀಜ್‌ಬಾಕ್ಸ್ ಎಂಬ ಪ್ರಸಿದ್ಧ ಯಂತ್ರದ ಕಥೆ ಇಲ್ಲಿ ಬೋಧಪ್ರದವಾಗಿದೆ. ಅದನ್ನು ಹೊರತಂದ ಕಂಪನಿಯನ್ನು 2006ರಲ್ಲಿ ಲಾಜಿಟೆಕ್ ಸಂಸ್ಥೆಯವರು ಕೊಂಡರು. 2012ರಲ್ಲಿ ಅದರ ತಯಾರಿಕೆಯನ್ನು ನಿಲ್ಲಿಸಿದರು. 2024ರಲ್ಲಿ ಅದರ ಇಂಟರ್‌ನೆಟ್ ಸೇವೆಯನ್ನೂ ನಿಲ್ಲಿಸಿದರು. ಹೀಗಿದ್ದರೂ ಆ ಯಂತ್ರಗಳು ಎಷ್ಟೋ ಮನೆಗಳಲ್ಲಿ ಇನ್ನೂ ಹಾಡುತ್ತಿವೆ. ಅದರ ಸರ್ವರಿನ ತಂತ್ರಾಂಶವು ಎಲ್ಲರೂ ನೋಡಿ ತಿದ್ದಬಹುದಾದಂತೆ ತೆರೆದದ್ದಾಗಿದ್ದುದೇ ಇದಕ್ಕೆ ಕಾರಣ. ಈಗ ಲಿರಿಯನ್ ಮ್ಯೂಸಿಕ್ ಸರ್ವರ್ ಎಂಬ ಹೆಸರಿನಿಂದ ಅಭಿಮಾನಿಗಳೇ ಅದನ್ನು ನಡೆಸಿಕೊಂಡು ಬರುತ್ತಿದ್ದಾರೆ. ಅದಕ್ಕೆ ಬೆಲೆಯಿಲ್ಲ, ಅಂಗೈಯಗಲದ ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರಿನಲ್ಲಿಯೂ ಅದು ನಡೆಯುತ್ತದೆ.

ಹಣವನ್ನು ಎಲ್ಲಿ ಹಾಕಬೇಕೆಂಬುದನ್ನೂ ವಿವೇಚಿಸಬೇಕು. ಮನೆಯ ಜಾಲದಲ್ಲಿ ಹೋಗುವ ಅಂಕಿಗಳಲ್ಲಿ ದಾರಿಯಲ್ಲಿ ತಪ್ಪಿದುದನ್ನು ಯಂತ್ರವು ಸಾಮಾನ್ಯವಾಗಿ ತಾನೇ ಮತ್ತೆ ಕೇಳಿ ತರಿಸಿಕೊಳ್ಳುತ್ತದೆ. ಆದಕಾರಣ ಅಗ್ಗದ ಸರ್ವರ್ ಕೊಟ್ಟ ಅಂಕಿಗಳೂ ದುಬಾರಿಯ ಸರ್ವರ್ ಕೊಟ್ಟ ಅಂಕಿಗಳೂ ಒಂದೇ. ಸರ್ವರಿಗೂ ಜಾಲದ ತಂತಿಗೂ ಬಹಳವಾಗಿ ಸುರಿಯುವ ಹಣವನ್ನು ಸ್ಪೀಕರಿಗೆ ಹಾಕಿದರೆ ಕಿವಿಗೆ ಗೊತ್ತಾಗುತ್ತದೆ. ಎರಡನೆಯ ಡಿಸ್ಕಿಗೆ ಹಾಕಿದರೆ ಕಷ್ಟಕಾಲದಲ್ಲಿ ಗೊತ್ತಾಗುತ್ತದೆ.

ಕಡೆಯದಾಗಿ ರಕ್ಷಣೆಯ ಮಾತು. ತಿಳಿದವರು ಹೇಳುವ ನಿಯಮವು ಸರಳವಾಗಿದೆ: ಪ್ರತಿಗಳು ಮೂರಿರಬೇಕು, ಅವು ಎರಡು ಬಗೆಯ ಸಾಧನಗಳಲ್ಲಿರಬೇಕು, ಒಂದು ಮನೆಯ ಹೊರಗಿರಬೇಕು. ಒಂದೇ ಪೆಟ್ಟಿಗೆಯಲ್ಲಿ ಎರಡು ಡಿಸ್ಕುಗಳಿದ್ದು ಒಂದರಲ್ಲಿದ್ದುದು ಇನ್ನೊಂದರಲ್ಲಿ ತಾನಾಗಿ ಮೂಡುವ ಏರ್ಪಾಡು ಒಳ್ಳೆಯದೇ. ಆದರೆ ಅದನ್ನು ಬೇರೆ ಪ್ರತಿಯೆಂದು ಎಣಿಸಕೂಡದು. ಸಿಡಿಲು ಬಡಿದರೆ ಎರಡೂ ಹೋಗುತ್ತವೆ. ಮಗು ಒಂದು ಹಾಡನ್ನು ಅಳಿಸಿದರೆ ಎರಡರಲ್ಲಿಯೂ ಅಳಿಯುತ್ತದೆ. ಕರೆಂಟು ಹೋಗಿ ಬರುವ ನಮ್ಮ ಊರುಗಳಲ್ಲಿ ಸರ್ವರಿಗೊಂದು ಯು.ಪಿ.ಎಸ್. ಇರುವುದು ಅವಶ್ಯ.

ನಾವು ಕಡೆಗೆ ಆರಿಸಿಕೊಂಡುದು ಸಾಧಾರಣವಾದ ಏರ್ಪಾಡು: ಒಂದು ಪುಟ್ಟ ಕಂಪ್ಯೂಟರು, ಎರಡು ಡಿಸ್ಕುಗಳು, ಒಂದು ಯು.ಪಿ.ಎಸ್., ಹಳೆಯ ಆಂಪ್ಲಿಫೈಯರಿಗೆ ಜೋಡಿಸಿದ ಒಂದು ಸ್ಟ್ರೀಮರು. ಮೂರನೆಯ ಪ್ರತಿ ಧಾರವಾಡದಲ್ಲಿ ತಂಗಿಯ ಬೀರುವಿನಲ್ಲಿದೆ. ಯುಗಾದಿಗೂ ದಸರೆಗೂ ಹೋದಾಗ ಅದಕ್ಕೆ ಹೊಸದನ್ನು ಸೇರಿಸಿ ಬರುತ್ತೇವೆ.

ಕಳೆದುಹೋದ ಹಸೆಯ ಹಾಡನ್ನು ನಮ್ಮ ಚಿಕ್ಕಮ್ಮನವರು ಬಲ್ಲರೆಂದು ಕೇಳಿ ಈಚೆಗೆ ಅವರಿಂದ ಹಾಡಿಸಿಕೊಂಡೆವು. ಅವರಿಗೆ ಒಂದು ನುಡಿ ನೆನಪಾಗಲಿಲ್ಲ; ಆ ಎಡೆಯಲ್ಲಿ ನಿಂತು, “ನಿಮ್ಮಮ್ಮನಿಗೆ ಗೊತ್ತಿತ್ತು” ಎಂದು ಹೇಳಿ ಮುಂದಿನ ನುಡಿಗೆ ಹೋದರು. ಆ ಮಾತನ್ನೂ ನಾವು ಅಳಿಸದೆ ಇಟ್ಟಿದ್ದೇವೆ. ವಾಚಕರೇ, ಯಂತ್ರವನ್ನು ಸಾವಧಾನವಾಗಿ ಆರಿಸಿರಿ. ಅದು ಇಂದಲ್ಲದಿದ್ದರೆ ಮುಂದಿನ ತಿಂಗಳೂ ಸಿಕ್ಕುತ್ತದೆ. ನಿಮ್ಮ ಮನೆಯ ಹಿರಿಯರ ಹಾಡನ್ನು ಮಾತ್ರ ಈ ವಾರದಲ್ಲಿಯೇ ಹಿಡಿದಿಡಿರಿ.