ಹಳೆಯ ಗಣಕಕ್ಕೆ ಹೊಸ ಒಕ್ಕಲು

೨೦೨೫ರ ಅಕ್ಟೋಬರ್ ೧೪ರಂದು ಮೈಕ್ರೋಸಾಫ್ಟ್ ಸಂಸ್ಥೆಯು ವಿಂಡೋಸ್ ೧೦ಕ್ಕೆ ಕೊಡುತ್ತಿದ್ದ ಸಾಮಾನ್ಯ ಬೆಂಬಲವನ್ನು ನಿಲ್ಲಿಸಿದ ಮೇಲೆ ನಮ್ಮ ಎಷ್ಟೋ ಮನೆಗಳಲ್ಲಿ ಒಂದು ವಿಚಿತ್ರ ಸ್ಥಿತಿ ಒದಗಿದೆ. ಮೇಜಿನ ಮೇಲಿರುವ ಗಣಕಯಂತ್ರ ಗಟ್ಟಿಮುಟ್ಟಾಗಿಯೇ ಇದೆ. ಕೀಲಿಗಳು ಸವೆದಿಲ್ಲ, ತೆರೆ ಮಂಕಾಗಿಲ್ಲ. ಆದರೆ ವಿಂಡೋಸ್ ೧೧ ಬಯಸುವ ಭದ್ರತೆಯ ಚಿಪ್ಪಾಗಲಿ, ಹೊಸ ತಲೆಮಾರಿನ ಪ್ರೊಸೆಸರಾಗಲಿ ಅದರಲ್ಲಿಲ್ಲ. ಅಂಗಡಿಯವರ ಬಾಯಲ್ಲಿ ಅದು ಆಗಲೇ ಗುಜರಿಯ ಸಾಮಾನು.

ಇಂಥ ಯಂತ್ರಕ್ಕೆ ಇನ್ನೂ ಹಲವು ವರ್ಷಗಳ ಆಯುಸ್ಸನ್ನು ನೀಡಬಲ್ಲುದು ಲಿನಕ್ಸ್. ೧೯೯೧ರಲ್ಲಿ ಹೆಲ್ಸಿಂಕಿಯ ವಿದ್ಯಾರ್ಥಿ ಲಿನುಸ್ ಟೋರ್ವಾಲ್ಡ್ಸ್ ತನ್ನ ಸ್ವಂತ ಗಣಕಕ್ಕಾಗಿ ಬರೆಯತೊಡಗಿದ ತಿರುಳು ಇಂದು ಡೆಬಿಯನ್, ಉಬುಂಟು, ಮಿಂಟ್ ಮೊದಲಾದ ಹೆಸರುಗಳಲ್ಲಿ ಯಾರಿಗೆ ಬೇಕಾದರೂ ದೊರೆಯುತ್ತದೆ. ಹಣ ತೆರಬೇಕಿಲ್ಲವೆಂಬುದೇ ಅದರ ದೊಡ್ಡ ಗುಣವೆಂದು ಹಲವರ ಎಣಿಕೆ. ನನಗೆ ಹಾಗೆ ತೋರುವುದಿಲ್ಲ. ಕೆಟ್ಟಾಗ ಏಕೆ ಕೆಟ್ಟೆನೆಂಬುದನ್ನು ಅದು ಮುಚ್ಚಿಡದೆ ಹೇಳುತ್ತದೆ. ಅದರ ಹಿರಿಮೆಯಿರುವುದು ಅಲ್ಲಿ.

ಸ್ಥಾಪನೆಯ ಕಾರ್ಯ ಜನ ಅಂಜುವಷ್ಟು ಕಠಿನವಲ್ಲ. ಎಂಟು ಜಿಬಿಯ ಪೆನ್‌ಡ್ರೈವಿಗೆ ಲಿನಕ್ಸಿನ ಪ್ರತಿಯನ್ನು ಬರೆದುಕೊಂಡು, ಯಂತ್ರ ಏಳುವಾಗ ಎಫ್ ೧೨ ಅಥವಾ ಆಯಾ ತಯಾರಕರು ಗೊತ್ತುಪಡಿಸಿದ ಕೀಲಿಯನ್ನೊತ್ತಿ, ಪೆನ್‌ಡ್ರೈವಿನಿಂದಲೇ ಅದನ್ನು ಎಬ್ಬಿಸಬೇಕು. ಆಗ ಲಿನಕ್ಸ್ ಒಳಗಿನ ಡಿಸ್ಕನ್ನು ಮುಟ್ಟದೆ, ಜಗಲಿಯ ಮೇಲೆ ಕುಳಿತ ಅತಿಥಿಯಂತೆ ತನ್ನ ಕೆಲಸವನ್ನು ತೋರಿಸುತ್ತದೆ. ಧ್ವನಿ ಬರುವುದೆ, ವೈಫೈ ಸಿಕ್ಕುವುದೆ, ಪ್ರಿಂಟರು ಮಾತು ಕೇಳುವುದೆ ಎಂಬುದನ್ನೆಲ್ಲ ಜಗಲಿಯಲ್ಲಿಯೇ ಪರೀಕ್ಷಿಸಿಕೊಳ್ಳಬೇಕು. ಒಳಮನೆಗೆ ಕರೆಯುವ ಮುನ್ನ ಬೇಕಾದ ಕಡತಗಳನ್ನೆಲ್ಲ ಬೇರೊಂದು ಡಿಸ್ಕಿಗೆ ನಕಲು ಮಾಡಿಟ್ಟುಕೊಳ್ಳತಕ್ಕದ್ದು. ಇದರಲ್ಲಿ ಮಾತ್ರ ಸೋಮಾರಿತನ ಸಲ್ಲದು.

ತೊಡಕುಗಳು ಇಲ್ಲವೆಂದಲ್ಲ. ಬ್ರಾಡ್‌ಕಾಮ್ ಚಿಪ್ಪಿರುವ ಹಲವು ಹಳೆಯ ಲ್ಯಾಪ್‌ಟಾಪುಗಳಲ್ಲಿ ವೈಫೈ ಮೌನ ತಾಳುತ್ತದೆ. 'ಜರ್ನಲ್‌ಸಿಟಿಎಲ್' ಎಂಬ ಆಜ್ಞೆಯನ್ನಿತ್ತರೆ ಯಂತ್ರ ಎದ್ದಂದಿನಿಂದ ನಡೆದುದೆಲ್ಲ ಶಾನುಭೋಗರ ಕಡತದಂತೆ ಸಾಲುಸಾಲಾಗಿ ತೆರೆದುಕೊಳ್ಳುತ್ತದೆ. ಅದರಲ್ಲೊಂದು ಸಾಲು, ಚಿಪ್ಪಿಗೆ ಬೇಕಾದ ಫರ್ಮ್‌ವೇರ್ ಸಿಕ್ಕಲಿಲ್ಲವೆಂದು ಸಾರುತ್ತದೆ. ಅದನ್ನು ತರಲು ಅಂತರಜಾಲ ಬೇಕು, ಅಂತರಜಾಲಕ್ಕೆ ವೈಫೈ ಬೇಕು. ಮದುವೆಯಾಗದೆ ಹುಚ್ಚು ಬಿಡದು, ಹುಚ್ಚು ಬಿಡದೆ ಮದುವೆಯಾಗದು! ಮೊಬೈಲನ್ನು ತಂತಿಯಿಂದ ಗಣಕಕ್ಕೆ ಜೋಡಿಸಿ, ಅದರ ಜಾಲವನ್ನು ಹಂಚಿಕೊಂಡರೆ ಗಂಟು ಬಿಚ್ಚುತ್ತದೆ.

ಲಿನಕ್ಸ್, ವಿಂಡೋಸ್ ಎರಡನ್ನೂ ಒಂದೇ ಯಂತ್ರದಲ್ಲಿ ಇರಿಸಿಕೊಂಡವರಿಗೆ ಇನ್ನೊಂದು ಸೋಜಿಗ ಕಾದಿರುತ್ತದೆ. ಲಿನಕ್ಸಿನಿಂದ ವಿಂಡೋಸಿಗೆ ಮರಳಿದಾಗ ಗಡಿಯಾರ ಐದೂವರೆ ಗಂಟೆ ಹಿಂದೆ ಬಿದ್ದಿರುತ್ತದೆ. ಲಿನಕ್ಸ್ ಯಂತ್ರದೊಳಗಿನ ಗಡಿಯಾರವನ್ನು ಸಾರ್ವತ್ರಿಕ ಕಾಲಮಾನಕ್ಕೆ ಹೊಂದಿಸಿಡುತ್ತದೆ. ವಿಂಡೋಸ್ ಅದನ್ನೇ ಸ್ಥಳೀಯ ಕಾಲವೆಂದು ಓದುತ್ತದೆ. ಭಾರತದ ಕಾಲಮಾನ ಐದೂವರೆ ಗಂಟೆ ಮುಂದಿರುವುದರಿಂದ ಈ ಅಂತರ. ಗಡಿಯಾರದ ಬ್ಯಾಟರಿಯನ್ನು ಬದಲಿಸಹೊರಟವರು ಇದನ್ನು ನೆನೆದರೆ ಖರ್ಚು ಉಳಿದೀತು.

ಕನ್ನಡದ ಮಾತೇನು? ಕೆ. ಪಿ. ರಾವ್ ಅವರು ರೂಪಿಸಿ ಕರ್ನಾಟಕ ಸರ್ಕಾರ ಅಂಗೀಕರಿಸಿದ ಕೀಲಿಮಣೆಯ ವಿನ್ಯಾಸ ಲಿನಕ್ಸಿನಲ್ಲಿ 'ಕಗಪ' ಎಂಬ ಹೆಸರಿನಲ್ಲಿ ಮೊದಲೇ ಸೇರಿದೆ, ಆರಿಸಿಕೊಂಡರಾಯಿತು. ಕಷ್ಟ ಬರುವುದು ಹಳೆಯ ಬರಹಗಳಿಂದ. ನಮ್ಮ ನಿವೃತ್ತ ಸಹೋದ್ಯೋಗಿಯೊಬ್ಬರು ಇಪ್ಪತ್ತು ವರ್ಷಗಳ ಹಿಂದೆ ನುಡಿ ಲಿಪಿಯಲ್ಲಿ ಬೆರಳಚ್ಚಿಸಿಟ್ಟಿದ್ದ ಗಾದೆಗಳ ಸಂಗ್ರಹವನ್ನು ಲಿನಕ್ಸಿನಲ್ಲಿ ತೆರೆದಾಗ, ತಲೆಯ ಮೇಲೆ ಕೊಂಬು ಚುಕ್ಕೆ ಹೊತ್ತ ಯೂರೋಪಿನ ಅಕ್ಷರಗಳು ಪುಟತುಂಬ ಮೆರೆದವು. ಬೇರೆ ಪ್ರತಿಯಿಲ್ಲ. ಮನೆಯವರು ಹೊಸ ಒಕ್ಕಲನ್ನೇ ಶಪಿಸಿದರು.

ವಾಸ್ತವದಲ್ಲಿ ಕಡತ ಕೆಟ್ಟಿರಲಿಲ್ಲ. ಯೂನಿಕೋಡಿನಲ್ಲಿ ಕನ್ನಡಕ್ಕೆ ೧೯೯೧ರಲ್ಲಿಯೇ ಸ್ಥಾನ ದೊರೆತಿದ್ದರೂ ನಮ್ಮ ಬಳಕೆಗೆ ಅದು ಬಂದದ್ದು ತಡವಾಗಿ. ಅಲ್ಲಿಯವರೆಗಿನ ಲಿಪಿಗಳು ಇಂಗ್ಲಿಷಿಗೂ ಅದರ ನೆರೆಯ ನುಡಿಗಳಿಗೂ ಮೀಸಲಾದ ಸಂಖ್ಯೆಗಳ ಮೇಲೆ ಕನ್ನಡದ ಆಕಾರಗಳನ್ನು ಹೊದಿಸಿದ್ದವು. ಆ ಲಿಪಿ ಇಲ್ಲದೆಡೆ ಹೊದಿಕೆ ಜಾರಿ ಒಳಗಿನದು ಕಾಣುತ್ತದೆ. ಹಳೆಯ ಲಿಪಿಯನ್ನು ಸ್ಥಾಪಿಸಿದರೆ ಬಹುಮಟ್ಟಿಗೆ ಓದಬಹುದು; ಆದರೆ ಹುಡುಕಲು ಬಾರದು, ಅಕಾರಾದಿಯಾಗಿ ಜೋಡಿಸಲು ಬಾರದು. ಗಾದೆಗಳ ಕೋಶಕ್ಕೆ ಅದಿಲ್ಲದೆ ಹೇಗೆ? ಯೂನಿಕೋಡಿಗೆ ಪರಿವರ್ತಿಸಲೇಬೇಕು.

ಪರಿವರ್ತಕ ತಂತ್ರಾಂಶಗಳಿವೆ, ಅವು ಮುಗ್ಗರಿಸುವುದು ಅರ್ಕಾವೊತ್ತಿನಲ್ಲಿ. 'ಧರ್ಮ' ಎನ್ನುವಾಗ ನಾಲಗೆ ರಕಾರವನ್ನು ಮೊದಲು ನುಡಿಯುತ್ತದೆ, ಕೈ ಅದನ್ನು ಮಕಾರದ ಆಚೆಗೆ ಬರೆಯುತ್ತದೆ. ಹಳೆಯ ಲಿಪಿ ಕೈಯನ್ನು ಅನುಸರಿಸಿತು; ಯೂನಿಕೋಡು ನಾಲಗೆಯನ್ನು ಅನುಸರಿಸುತ್ತದೆ. ಈ ಸ್ಥಾನಪಲ್ಲಟದಲ್ಲಿ ಎಡವಿದ ಪದಗಳನ್ನು ಕಣ್ಣಿನಿಂದಲೇ ಹಿಡಿಯಬೇಕು. ತಾಳೆಗರಿಯ ಪಾಠ ಪರಿಶೋಧಿಸುವವರ ತಾಳ್ಮೆ ಇದಕ್ಕೂ ಬೇಕು. ಆ ಸಂಗ್ರಹದ ಮುನ್ನೂರು ಪುಟಗಳಲ್ಲಿ ಈವರೆಗೆ ಎಪ್ಪತ್ತನ್ನು ತಿದ್ದಿಯಾಗಿದೆ.