ಸೂಪರ್ ಮಾರ್ಕೆಟ್ ನೌಕರನೂ ಅಪಘಾತ ಪರಿಹಾರವೂ

ತರಗತಿ ಮುಗಿದೊಡನೆ ಪುಸ್ತಕಗಳನ್ನು ಚೀಲಕ್ಕೆ ಸೇರಿಸಿ, ಯಾವುದಾದರೊಂದು ಸೂಪರ್ ಮಾರ್ಕೆಟ್ಟಿನ ಬಣ್ಣದ ಅಂಗಿಯನ್ನು ತೊಟ್ಟು ದುಡಿಯಹೋಗುವ ವಿದ್ಯಾರ್ಥಿಗಳು ಇಂದು ವಿರಳವಲ್ಲ. ಅದು ನೆರಳಿನ ಕೆಲಸ, ಅಪಾಯವಿಲ್ಲದ್ದು ಎಂದು ಹೊರಗಿನವರ ಭಾವನೆ. ಆದರೆ ಇಪ್ಪತ್ತೈದು ಕಿಲೋ ಅಕ್ಕಿಯ ಮೂಟೆ, ಎಣ್ಣೆ ಚೆಲ್ಲಿದ ನುಣುಪು ನೆಲ, ರಟ್ಟಿನ ಪೆಟ್ಟಿಗೆಯನ್ನು ಸೀಳುವ ಚೂರಿ, ಮೇಲಿನ ಕಪಾಟಿಗೆ ಹತ್ತುವ ಏಣಿ, ಇವು ಮಾಡುವ ಗಾಯ ಕಾರ್ಖಾನೆಯ ಗಾಯಕ್ಕಿಂತ ಕಡಮೆಯದೇನಲ್ಲ. ಹಾಗೆ ಪೆಟ್ಟು ಬಿದ್ದಲ್ಲಿ ಪರಿಹಾರಕ್ಕೆ ಅರ್ಹರು ಯಾರು?

“ನೀನೇ ಜಾರಿ ಬಿದ್ದೆಯಲ್ಲ, ಮಾಲೀಕರದೇನು ತಪ್ಪು?” ಎಂಬ ಮಾತಿಗೆ ಈ ಕಾನೂನಿನಲ್ಲಿ ಬೆಲೆಯಿಲ್ಲ. ಅಪಘಾತವು ಕೆಲಸದ ಕಾರಣದಿಂದ, ಕೆಲಸದ ಅವಧಿಯಲ್ಲಿ ಸಂಭವಿಸಿತೇ ಎಂಬುದೊಂದೇ 1923ರ ನಷ್ಟ ಪರಿಹಾರ ಕಾಯಿದೆಯ ಕಾಲದಿಂದಲೂ ಕೇಳುತ್ತ ಬಂದಿರುವ ಪ್ರಶ್ನೆ. ಬರಿಯ ಅಜಾಗರೂಕತೆ ಹಕ್ಕನ್ನು ಕಳೆಯಲಾರದು. ಕುಡಿದು ಕೆಲಸ ಮಾಡಿದ್ದರೆ, ಸುರಕ್ಷತೆಯ ಆಜ್ಞೆಯನ್ನು ಬೇಕೆಂದೇ ಮೀರಿದ್ದರೆ ಮಾತು ಬೇರೆ. ಆಗಲೂ ಮರಣ ಅಥವಾ ಶಾಶ್ವತವಾದ ಪೂರ್ಣ ಅಂಗವೈಕಲ್ಯ ಉಂಟಾದಲ್ಲಿ ಪರಿಹಾರ ತಪ್ಪದು.

2020ರ ಸಾಮಾಜಿಕ ಭದ್ರತಾ ಸಂಹಿತೆಯು 2025ರ ನವೆಂಬರ್ 21ರಂದು ಜಾರಿಗೆ ಬಂದು ಹಳೆಯ ಕಾಯಿದೆಗಳ ಸ್ಥಾನವನ್ನು ಪಡೆಯಿತು. ಆದರೂ ಪರಿಹಾರದ ಬಾಗಿಲುಗಳು ಹಿಂದಿನಂತೆ ಎರಡೇ. ಹತ್ತು ಅಥವಾ ಹೆಚ್ಚು ಜನ ದುಡಿಯುವ ಅಂಗಡಿಯಾಗಿದ್ದು, ಸಂಬಳ ತಿಂಗಳಿಗೆ 21,000 ರೂಪಾಯಿ (ಇದು 2017ರ ಜನವರಿಯಿಂದ ಬಂದ ಮಿತಿ) ಮೀರದಿದ್ದರೆ ಆ ನೌಕರನ ಬಾಗಿಲು ಇ.ಎಸ್.ಐ. ಅರೆಕಾಲಿಕ ಕೆಲಸವೆಂದಾಗಲಿ, ಗುತ್ತಿಗೆದಾರನ ಮೂಲಕ ಬಂದವನೆಂದಾಗಲಿ ಅವನನ್ನು ಹೊರಗಿಡುವಂತಿಲ್ಲ. ಕಾಯಿಲೆಯ ಭತ್ಯಕ್ಕೆ ಇಂತಿಷ್ಟು ದಿನಗಳ ವಂತಿಗೆ ಸಂದಿರಬೇಕು. ಕೆಲಸದ ಅಪಘಾತಕ್ಕೆ ಅಂಥ ನಿಬಂಧನೆಯಿಲ್ಲ, ಸೇರಿದ ಮೊದಲ ದಿನವೇ ಬಿದ್ದರೂ ಹಕ್ಕುಂಟು. ಚಿಕಿತ್ಸೆಯ ಜೊತೆಗೆ, ಅಶಕ್ತತೆ ಮೂರು ದಿನಕ್ಕೆ ಕಡಮೆಯಿಲ್ಲದಿದ್ದರೆ, ಅದು ಮುಗಿಯುವವರೆಗೆ ದಿನಗೂಲಿಯ ಸುಮಾರು ನೂರಕ್ಕೆ 90ರಷ್ಟು ದೊರೆಯುತ್ತದೆ. ಮಾಲೀಕನು ಹೆಸರನ್ನೇ ನೋಂದಾಯಿಸದಿದ್ದರೆ? ಇ.ಎಸ್.ಐ. ನಿಗಮವು ನೌಕರನಿಗೆ ಸೌಲಭ್ಯ ಕೊಟ್ಟು ಆ ಹಣವನ್ನು ಮಾಲೀಕನಿಂದ ವಸೂಲು ಮಾಡತಕ್ಕದ್ದೆಂದು ಸಂಹಿತೆ ಹೇಳುತ್ತದೆ. ಪಟ್ಟಿಯಲ್ಲಿ ಹೆಸರಿಲ್ಲವೆಂದು ಸುಮ್ಮನೆ ಮನೆಗೆ ಹೋಗುವವರು ಇದನ್ನು ಅರಿಯರು.

ಇ.ಎಸ್.ಐ. ಅನ್ವಯಿಸದವರಿಗೆ ಎರಡನೆಯ ಬಾಗಿಲು. ಇಲ್ಲಿ ಮಾಲೀಕನೇ ನೇರವಾಗಿ ಪರಿಹಾರ ತೆರಬೇಕು. ಆದರೆ ಸಂಹಿತೆಯ ಅನುಸೂಚಿಯಲ್ಲಿ ಆ ಬಗೆಯ ಕೆಲಸ ಸೇರಿರಬೇಕು. ಗೋದಾಮಿನಲ್ಲಿ ಸರಕು ಎತ್ತಿ ಇಳಿಸುವುದು ಹಳೆಯ ಕಾಯಿದೆಯ ಪಟ್ಟಿಯಲ್ಲಿಯೇ ಇತ್ತು. ಗುಮಾಸ್ತೆಯ ಕೆಲಸದವರನ್ನು ಹೊರಗಿಡುತ್ತಿದ್ದ ಮಾತುಗಳನ್ನು 2009ರ ತಿದ್ದುಪಡಿ ತೆಗೆದುಹಾಕಿತು. ಲೆಕ್ಕ ಹೀಗೆ: ತಿಂಗಳಿಗೆ 22,000 ರೂಪಾಯಿ ಪಡೆಯುವ, 25 ವರ್ಷದ ಗೋದಾಮಿನ ನೌಕರನೊಬ್ಬನ ತೋರುಬೆರಳು ಪೂರ್ತಿ ಹೋಯಿತೆನ್ನೋಣ. 2020ರ ಜನವರಿಯಲ್ಲಿ ಗೊತ್ತುಪಡಿಸಿದ ಮಿತಿಯಂತೆ ಸಂಬಳದಲ್ಲಿ 15,000ವನ್ನು ಮಾತ್ರ ಎಣಿಸಬೇಕು. ಅದರ ನೂರಕ್ಕೆ 60 ಎಂದರೆ 9,000. ಆ ವಯಸ್ಸಿನ ಗುಣಕ 216.91ರಿಂದ ಗುಣಿಸಿದರೆ 19,52,190. ತೋರುಬೆರಳಿನ ನಷ್ಟಕ್ಕೆ ನೂರಕ್ಕೆ 14. ಆದುದರಿಂದ ಪರಿಹಾರ ಸುಮಾರು 2,73,306 ರೂಪಾಯಿ. ಬೆರಳಿಗೆ ಬೆಲೆ ಕಟ್ಟುವುದು ಕ್ರೂರವೆನಿಸಬಹುದು. ಆದರೆ ಕಟ್ಟಿದ ಬೆಲೆಯೇ ತಿಳಿಯದೆ ಐದು ಸಾವಿರಕ್ಕೆ ರಾಜಿಯಾಗುವುದು ಇನ್ನೂ ಕ್ರೂರ.

ದಾರಿಯಲ್ಲಾದ ಅಪಘಾತದ ವಿಷಯ ಬಹುಕಾಲ ಕಗ್ಗಂಟಾಗಿತ್ತು. ಕಾರ್ಖಾನೆಗೆ ಒಂದು ಕಿಲೋಮೀಟರ್ ದೂರದಲ್ಲಿ ಸೈಕಲ್ಲಿನಲ್ಲಿ ಬರುತ್ತಿದ್ದಾಗ ಅಪಘಾತಕ್ಕೊಳಗಾದವನಿಗೆ ಹಕ್ಕಿಲ್ಲವೆಂದು 1996ರಲ್ಲಿ ಸುಪ್ರೀಂ ಕೋರ್ಟು ತೀರ್ಪಿತ್ತಿತು. 2010ರಲ್ಲಿ ಇ.ಎಸ್.ಐ. ಕಾಯಿದೆಯೇ ಬದಲಾಯಿತು. ರಾತ್ರಿಪಾಳಿಗೆ ಹೊರಟು 2003ರಲ್ಲಿ ಮಡಿದ ಮಹಾರಾಷ್ಟ್ರದ ಸಕ್ಕರೆ ಕಾರ್ಖಾನೆಯ ಕಾವಲುಗಾರನ ಸಂಸಾರಕ್ಕೆ ಅದೇ ನ್ಯಾಯಾಲಯವು 2025ರ ಜುಲೈನಲ್ಲಿ ಪರಿಹಾರವನ್ನು ಎತ್ತಿಹಿಡಿಯಿತು. ಈಗ ಸಂಹಿತೆಯಲ್ಲಿಯೂ ಈ ಹಕ್ಕಿದೆ. ಆದರೆ ಹೊತ್ತು, ಸ್ಥಳ, ಸಂದರ್ಭಗಳಿಗೂ ಕೆಲಸಕ್ಕೂ ಸಂಬಂಧವಿತ್ತೆಂದು ತೋರಿಸಬೇಕು. ರಾತ್ರಿ ಹತ್ತಕ್ಕೆ ಅಂಗಡಿ ಮುಚ್ಚಿ ನೆಟ್ಟಗೆ ಮನೆಗೆ ಬರುವವಳು ಇದರೊಳಗೆ ಬರುತ್ತಾಳೆ. ನಡುವೆ ಸಿನಿಮಾಕ್ಕೆ ಹೋದವಳಿಗೆ ವಾದ ಕಷ್ಟ.

ಹಕ್ಕು ಎಷ್ಟಿದ್ದರೂ ಅದು ನಿಲ್ಲುವುದು ಕಾಗದದ ಮೇಲೆ. ಬಿದ್ದ ದಿನವೇ ಮ್ಯಾನೇಜರರಿಗೆ ಬರವಣಿಗೆಯಲ್ಲಿ ತಿಳಿಸಿ ಪ್ರತಿಯನ್ನು ಇಟ್ಟುಕೊಳ್ಳಬೇಕು. ಆಸ್ಪತ್ರೆಯ ಚೀಟಿಯಲ್ಲಿ “ಮನೆಯಲ್ಲಿ ಬಿದ್ದದ್ದು” ಎಂದು ಬರೆಸಲು ಯಾರಾದರೂ ಹೇಳಿದರೆ ಒಪ್ಪಬಾರದು. ಪೆಟ್ಟಾದ ಸ್ಥಳ ಅಂಗಡಿಯೆಂದೇ ವೈದ್ಯರಿಂದ ಬರೆಸಿಕೊಂಡು ಬರಬೇಕು.