ಉದ್ರಿ ಪುಸ್ತಕಕ್ಕೆ ಗೊತ್ತು, ಹಾಜರಿ ಪುಸ್ತಕಕ್ಕೆ ಗೊತ್ತಿಲ್ಲ!

ಕಲಬುರಗಿ, ಯಾದಗಿರಿ ಕಡೆಯ ಕಿರಾಣಿ ಅಂಗಡಿಯವರಿಗೆ ಈ ಮಾತು ಹೊಸದಲ್ಲ: “ಸಾವಕಾರ್ರೇ, ನಾಳಿಗಿ ಹೊಂಟೀವ್ರಿ. ಲೆಕ್ಕ ಹಂಗೇ ಇರ್ಲಿ, ಯುಗಾದಿಗಿ ಬಂದು ಮುಟ್ಟಸ್ತೀವಿ.” ದೀಪಾವಳಿ ಮುಗಿದ ಮೇಲೆ ಕೆಲವರು, ತೊಗರಿ ರಾಶಿ ಆದ ಮೇಲೆ ಉಳಿದವರು. ತಾಂಡಾಗಳಿಂದ, ಹಳ್ಳಿಗಳಿಂದ ಗಂಟುಮೂಟೆ ಸಮೇತ ಬಸ್ ನಿಲ್ದಾಣಕ್ಕೆ, ರೈಲು ನಿಲ್ದಾಣಕ್ಕೆ ಬರುತ್ತಾರೆ. ಬೆಂಗಳೂರು, ಪುಣೆ, ಮುಂಬಯಿ, ಗೋವಾ. ಕಟ್ಟಡದ ಕೆಲಸ, ರಸ್ತೆ ಕೆಲಸ. ಇದಕ್ಕೆ ಗುಳೆ ಎನ್ನುತ್ತಾರೆ.

ದೊಡ್ಡವರ ವಿಚಾರ ಆಯಿತು. ಆ ಮೂಟೆಗಳ ನಡುವೆ ಕೂತ ಮಕ್ಕಳನ್ನು ನೀವು ನೋಡಿದ್ದೀರಾ?

ಶಾಲೆಯ ಎರಡನೇ ಅವಧಿ ದಸರಾ ರಜೆ ಮುಗಿದ ಮೇಲೆ ಶುರು. ಪರೀಕ್ಷೆ ಮಾರ್ಚ್ ಹೊತ್ತಿಗೆ. ಗುಳೆ ಹೋಗುವುದೂ ಸರಿಯಾಗಿ ಅದೇ ಹೊತ್ತಿಗೆ! ಮಾಸ್ತರು ಭಾಗಾಕಾರ ಹೇಳಿಕೊಡುವಾಗ ಹುಡುಗ ಪುಣೆಯ ಮರಳು ರಾಶಿ ಮೇಲೆ. ಜೂನ್‌ನಲ್ಲಿ ವಾಪಸು ಬಂದರೆ ಮುಂದಿನ ಇಯತ್ತೆ. ಹೀಗೆ ಐದು ವರ್ಷ ನಡೆದರೆ ಹೆಸರಿಗೆ ಐದನೇ ಇಯತ್ತೆ, ಓದಿದ್ದು ಮೂರು ವರ್ಷವೂ ಇಲ್ಲ. ಹಾಜರಿ ಪುಸ್ತಕದಲ್ಲಿ ಮಾತ್ರ ಹೆಸರು ಭದ್ರ.

ಹೆಣ್ಣುಮಕ್ಕಳ ಪಾಡು ಇನ್ನೂ ಕಷ್ಟ. ತಾಯಿ ಇಟ್ಟಿಗೆ ಹೊತ್ತರೆ ತೊಟ್ಟಿಲ ಕೂಸನ್ನು ನೋಡಿಕೊಳ್ಳೋರು ಯಾರು? ಹತ್ತು-ಹನ್ನೆರಡು ವರ್ಷದ ಅಕ್ಕ. ಅವಳ ಪಾಟಿಚೀಲ ಊರಲ್ಲೇ ಗೂಟಕ್ಕೆ ನೇತಾಡುತ್ತದೆ.

ಊರಲ್ಲೇ ಬಿಟ್ಟು ಹೋದರೆ? ಅಜ್ಜಿಯ ಕಣ್ಣು ಮಂಜು, ಅಜ್ಜನ ಕಾಲು ನೋವು. ಮಗುವೇ ಅವರನ್ನು ನೋಡಿಕೊಳ್ಳಬೇಕು, ನೀರು ತರಬೇಕು, ಆಡು ಮೇಯಿಸಬೇಕು. ನಮ್ಮ ಈ ಭಾಗದ ಜಿಲ್ಲೆಗಳಲ್ಲಿ 2002ರಲ್ಲೇ ಅಕ್ಷರ ದಾಸೋಹ ಶುರುವಾಯಿತು. ಮಧ್ಯಾಹ್ನದ ಊಟ ಉಂಟು, ಸರಿ. ರಾತ್ರಿ ಊಟಕ್ಕೆ ಏನು ಗತಿ?

“ತಂದೆ-ತಾಯಿಗೆ ಓದಿನ ಬೆಲೆ ಗೊತ್ತಿಲ್ಲ ಬಿಡ್ರಿ” ಎಂದು ಕೈತೊಳೆದುಕೊಳ್ಳುವುದು ಸುಲಭ. ಆದರೆ ಮೇಸ್ತ್ರಿ ಕೊಟ್ಟ ಮುಂಗಡ ಹಬ್ಬಕ್ಕೋ, ಆಸ್ಪತ್ರೆಗೋ, ನಿಮ್ಮದೇ ಅಂಗಡಿಯ ಬಾಕಿಗೋ ಖರ್ಚಾಗಿರುತ್ತದೆ. ಹೋಗದೆ ವಿಧಿಯಿಲ್ಲ.

ಕಾನೂನು ಇಲ್ಲವೇ? ಇದೆ. 2010ರ ಏಪ್ರಿಲ್ 1ರಿಂದ ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯಿದೆ ಪ್ರಕಾರ 6ರಿಂದ 14 ವರ್ಷದ ಮಗು ಊರು ಬಿಟ್ಟು ಊರಿಗೆ ಹೋದರೂ ಸರ್ಕಾರಿ ಶಾಲೆ ಸೇರಿಸಿಕೊಳ್ಳಲೇಬೇಕು. ಟಿ.ಸಿ. ಬರುವುದು ತಡವಾಯಿತು ಎಂದು ಬಾಗಿಲಿನಿಂದ ವಾಪಸು ಕಳಿಸುವಂತಿಲ್ಲ. ಹಿಂದುಳಿದ ಮಗುವಿಗೆ ವಿಶೇಷ ಪಾಠ ಹೇಳಿ ವಯಸ್ಸಿಗೆ ತಕ್ಕ ತರಗತಿಯಲ್ಲಿ ಕೂರಿಸಬೇಕು. ಈ ಮಾತು ಗುಳೆ ಹೋಗುವ ಎಷ್ಟು ಜನರ ಕಿವಿಗೆ ಬಿದ್ದಿದೆ?

ಸರ್ವ ಶಿಕ್ಷಣ ಅಭಿಯಾನದ ಕಾಲದಲ್ಲಿ ಇಂಥ ಮಕ್ಕಳಿಗೆಂದೇ ಊರಲ್ಲಿ ಋತುಮಾನದ ವಸತಿ ಕೇಂದ್ರ, ಬೆಂಗಳೂರಿನಲ್ಲಿ ಟೆಂಟ್ ಶಾಲೆ ಎಂಬ ಏರ್ಪಾಡು ಬಂದವು. ಯೋಚನೆ ಒಳ್ಳೆಯದೇ. ಆದರೆ ತಾಯಿ-ತಂದೆ ರೈಲು ಹತ್ತಿದ ಮೇಲೆ ಕೇಂದ್ರದ ಬೀಗ ತೆಗೆದರೆ ಪ್ರಯೋಜನವೇನು? ಮಗು ಅವರ ಸಂಗಡ ಹೋಗಿಯಾಯಿತು!

ಯಾರು ಯಾವಾಗ ಹೋಗುತ್ತಾರೆ ಎಂಬುದು ಗುಟ್ಟಲ್ಲ. ಅಂಗಡಿಯ ಉದ್ರಿ ಪುಸ್ತಕ ತೆಗೆದರೆ ಸಾಕು. ದಸರಾ ರಜೆಯಲ್ಲೇ ಮಾಸ್ತರು, ಪಂಚಾಯ್ತಿಯವರು ಕೂತು ಪಟ್ಟಿ ಮಾಡಲಿ. ದೀಪಾವಳಿಗೆ ಮುಂಚೆ ಊಟ, ಹಾಸಿಗೆ, ಕಾವಲು ಸಮೇತ ವಸತಿ ಕೇಂದ್ರ ತೆರೆಯಲಿ. ಕರೆದುಕೊಂಡೇ ಹೋಗುವ ತಾಯಿಯ ಕೈಗೆ ಟಿ.ಸಿ. ಕೊಟ್ಟು “ಅಲ್ಲಿನ ಶಾಲೆಗೆ ಸೇರಸವ್ವಾ, ಇಲ್ಲ ಅನ್ನೂ ಹಂಗಿಲ್ಲ” ಎಂದು ತಿಳಿಸಿ ಹೇಳಲಿ.

ಅಂಗಡಿ, ಹೋಟೆಲಿನವರಿಗೂ ಒಂದು ಮಾತು. ಊರಲ್ಲಿ ಉಳಿದ ಹುಡುಗ “ಕೆಲಸ ಕೊಡ್ರಿ” ಎಂದು ಬಂದರೆ ಕಪ್ಪು ತೊಳೆಯಲು ಹಚ್ಚಬೇಡಿ. 2016ರ ತಿದ್ದುಪಡಿಯ ನಂತರ 14 ವರ್ಷದೊಳಗಿನವರನ್ನು ದುಡಿಸಿಕೊಂಡರೆ 6 ತಿಂಗಳಿಂದ 2 ವರ್ಷ ಜೈಲು, ಇಲ್ಲವೆ 20 ಸಾವಿರದಿಂದ 50 ಸಾವಿರ ರೂಪಾಯಿ ದಂಡ, ಎರಡೂ ಬೀಳಬಹುದು. ಅದಕ್ಕಿಂತ ಅವನ ಕೈಹಿಡಿದು ಶಾಲೆಗೆ ಬಿಟ್ಟು ಬನ್ನಿ. ಅಪ್ಪನ ಬಾಕಿ ಯುಗಾದಿಗೆ ಬಂದೀತು. ಮಗನ ಹೋದ ವರ್ಷ ಯಾವ ಹಬ್ಬಕ್ಕೂ ಬರೋದಿಲ್ಲ.